ಡೆಸ್ಕ್‌ಟಾಪ್ ತುಂಬಾ ಫೈಲ್‌ಗಳಿವೆ, ಹೊಸ ಕಂಪ್ಯೂಟರಿಗೆ ಸಾಗಿಸುವುದು ಹೇಗೆ?

ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಅನ್ನೋದು ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನಡಿ ಇರುವ ಒಂದು ಫೋಲ್ಡರ್, ಅಷ್ಟೇ. ಪುಟ್ಟ ಬಾಣದ ಗುರುತಿರುವ ಐಕಾನ್‌ಗಳು ಬರೀ ಶಾರ್ಟ್‌ಕಟ್, ಅಂದರೆ ಬೇರೆಡೆ ಇರುವುದಕ್ಕೆ ದಾರಿ ತೋರಿಸುವ ಗುರುತು. ಅವನ್ನು ಸುಮ್ನೆ ಅಳಿಸಿ. ಕಾಪಿ ಮಾಡಿದರೂ ಪ್ರೋಗ್ರಾಂ ಬರುವುದಿಲ್ಲ, ಹೊಸದರಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು.

ಉಳಿದದ್ದನ್ನು ಪೆನ್‌ಡ್ರೈವಿಗೆ ಹಾಕಿ. ಅದು ಫ್ಯಾಟ್32 (ಡ್ರೈವಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಹಳೇ ವಿಧಾನ) ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ (ಮದುವೆ ವಿಡಿಯೊ ಸಿಕ್ಕಿಬೀಳೋದು ಇಲ್ಲೇ). ಮೊದಲೇ ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಆಗ ಅಳಿಸಿಹೋಗುತ್ತದೆ, ನೆನಪಿರಲಿ.

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿವೆಯಾ? ಆ ಫಾಂಟನ್ನೂ ಒಯ್ಯಿರಿ. ಇಲ್ಲದಿದ್ದರೆ ಕನ್ನಡದ ಬದಲು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ವಿಶೇಷ ಫಾಂಟ್ ಇಲ್ಲದೆಯೂ ಕನ್ನಡ ಕಾಣುವ ಯೂನಿಕೋಡಿಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಹೊಸದರಲ್ಲಿ ನಾಲ್ಕಾರು ಫೈಲ್ ತೆರೆದು ನೋಡುವ ತನಕ ಹಳೆಯದನ್ನು ಮುಟ್ಟಬೇಡಿ.