ಓದುಗರ ಪ್ರಶ್ನೆ: ಐಫೆಲ್‌ನ ಜ್ವಾಲಾಮುಖಿ ಗುಡ್ಡಗಳು, ಕಾಸರಗೋಡಿನ ಮುರಕಲ್ಲು

ಪ್ರಶ್ನೆ: ಮಗಳು ಮತ್ತು ಅಳಿಯ ಜರ್ಮನಿಯ ಬಾನ್ ನಗರದಲ್ಲಿದ್ದಾರೆ. ಬರುವ ಬೇಸಗೆಯಲ್ಲಿ ನಾವು ಹೋದಾಗ, ಹತ್ತಿರದ ಐಫೆಲ್ ಎಂಬ ಜ್ವಾಲಾಮುಖಿ ಪ್ರದೇಶವನ್ನು ತೋರಿಸುತ್ತೇವೆ ಎನ್ನುತ್ತಿದ್ದಾರೆ. ನನಗೆ ಅರುವತ್ತಾರು ವರ್ಷ. ಗುಡ್ಡ ಹತ್ತಿ ಅಭ್ಯಾಸವಿದೆ, ಆದರೆ ಇಳಿಯುವಾಗ ಮೊಣಕಾಲು ನೋಯುತ್ತದೆ. ಪತ್ನಿಗೆ ಜ್ವಾಲಾಮುಖಿ ಎಂದರೇ ಹೆದರಿಕೆ. ಅಲ್ಲಿ ನೋಡುವಂಥದ್ದು ಏನಿದೆ? ಎಷ್ಟು ದಿನ ಬೇಕು? ಮೊಟ್ಟೆಯನ್ನೂ ತಿನ್ನದ ನಮಗೆ ಊಟ ಸಿಕ್ಕೀತೇ?
– ನಿವೃತ್ತ ಅಧ್ಯಾಪಕರು, ಪೆರ್ಲ

ಉತ್ತರ: ಮೊದಲಿಗೆ ನಿಮ್ಮ ಪತ್ನಿಯವರ ಹೆದರಿಕೆಯ ವಿಚಾರ. ಐಫೆಲ್‌ನಲ್ಲಿ ಹೊಗೆಯುಗುಳುವ ಶಿಖರಗಳಿಲ್ಲ. ಅಲ್ಲಿನ ಕೊನೆಯ ಸ್ಫೋಟ ಉಲ್ಮೆನ್ ಎಂಬಲ್ಲಿ ನಡೆದು ಸುಮಾರು 11,000 ವರ್ಷಗಳಾದವು. ಹಾಗೆಂದು ಅದು ಪೂರ್ತಿ ಸತ್ತುಹೋದ ನೆಲವೂ ಅಲ್ಲ. ಲಾಖರ್ ಸರೋವರದ ಕೆಳಗೆ ಬಹಳ ಆಳದಲ್ಲಿ ಉಂಟಾಗುವ ಸಣ್ಣ ಕಂಪನಗಳು 2013ರಿಂದ ಉಪಕರಣಗಳಲ್ಲಿ ದಾಖಲಾಗುತ್ತಿವೆ, ವಿಜ್ಞಾನಿಗಳು ಅವುಗಳ ಮೇಲೆ ಕಣ್ಣಿಟ್ಟಿದ್ದಾರೆ. ಸ್ಫೋಟ ಹತ್ತಿರವಾಗಿದೆ ಎಂಬ ಸೂಚನೆಯೇನೂ ಅವುಗಳಿಂದ ಸಿಕ್ಕಿಲ್ಲ. ಆ ಸರೋವರದ ಸುತ್ತ ಜನ ಮಕ್ಕಳನ್ನು ಕರೆದುಕೊಂಡು ಆರಾಮವಾಗಿ ನಡೆದಾಡುತ್ತಾರೆ.

ಎತ್ತರವನ್ನು ಹುಡುಕಿ ಹೋದವರಿಗೆ ಐಫೆಲ್ ನಿರಾಸೆ ತರುತ್ತದೆ. ಅಲ್ಲಿಯ ಅತಿ ಎತ್ತರದ ಹೊಹೆ ಆಖ್ಟ್ ಗುಡ್ಡವೇ 747 ಮೀಟರ್; ನಮ್ಮ ಕೊಡಗಿನ ತಡಿಯಂಡಮೋಳ್ ಅದಕ್ಕಿಂತ ಸರಿಸುಮಾರು ಒಂದು ಸಾವಿರ ಮೀಟರ್ ಹೆಚ್ಚು. ಐಫೆಲ್‌ನ ಜ್ವಾಲಾಮುಖಿಯನ್ನು ತಲೆಯೆತ್ತಿ ನೋಡುವುದಲ್ಲ, ಬಗ್ಗಿ ನೋಡಬೇಕು. ಅದು ದುಂಡನೆಯ ಕೆರೆಗಳ ರೂಪದಲ್ಲಿದೆ, ಕಲ್ಲುಕ್ವಾರಿಯ ಗೋಡೆಗಳಲ್ಲಿದೆ, ನೆಲದಡಿಯ ಗುಹೆಗಳಲ್ಲಿದೆ. ಆದ್ದರಿಂದ ದಿನಕ್ಕೆ ಆರು ಜಾಗಗಳ ಪಟ್ಟಿ ಹಿಡಿದು ಓಡಾಡುವುದಕ್ಕಿಂತ, ದಿನಕ್ಕೊಂದು ಕೆರೆಯ ಸುತ್ತು, ಅದರ ಜೊತೆಗೆ ಒಂದೇ ಒಂದು ಜಾಗ ಎಂದಿಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮ ಮೊಣಕಾಲಿಗೂ ಅದೇ ಹಿತ. ಕೆರೆಯ ಸುತ್ತಿನ ದಾರಿಗಳಲ್ಲಿ ಕಡಿದಾದ ಇಳಿಜಾರು ಕಡಿಮೆ; ಆದರೂ ಊರುಗೋಲು ಕೈಯಲ್ಲಿರಲಿ, ಮಳೆಯಾದಾಗ ದಾರಿಯ ಮೇಲಿನ ಎಲೆಗಳು ಜಾರುತ್ತವೆ.

ಪೂರ್ವಭಾಗದಿಂದ ಆರಂಭಿಸಿ. ಬಾನ್‌ನಿಂದ ರೈನ್ ನದಿಯ ಎಡದಂಡೆಯ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಆಂಡರ್‌ನಾಖ್ ಪಟ್ಟಣ ತಲುಪಬಹುದು. ಅಲ್ಲಿ ತಣ್ಣೀರಿನ ಬುಗ್ಗೆಯೊಂದಿದೆ. ಐಸ್‌ಲ್ಯಾಂಡಿನ ಬುಗ್ಗೆಗಳಂತೆ ಕುದಿಯುವ ನೀರಿನಿಂದಲ್ಲ, ಆಳದ ಶಿಲಾಪಾಕದಿಂದ, ಅಂದರೆ ಭೂಮಿಯೊಳಗೆ ಕರಗಿದ ಕಲ್ಲಿನಿಂದ, ಬಿಡುಗಡೆಯಾಗಿ ಅಂತರ್ಜಲದಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್‌ನ ಒತ್ತಡದಿಂದ ಅದು ಚಿಮ್ಮುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಏನಾಗುತ್ತದೋ ಅದೇ ಕ್ರಿಯೆ ಇಲ್ಲಿ ಸುಮಾರು 350 ಮೀಟರ್ ಆಳದ ಕೊಳವೆಬಾವಿಯಲ್ಲಿ ನಡೆಯುತ್ತದೆ. ನೀರು 60 ಮೀಟರ್‌ವರೆಗೂ ಏರುತ್ತದೆ. ಈ ಬಗೆಯ ಬುಗ್ಗೆಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು ಇದು. ಮೊದಲು ಪಟ್ಟಣದ ಪ್ರದರ್ಶನಾಲಯ ನೋಡಿ, ಅಲ್ಲಿಂದ ದೋಣಿಯಲ್ಲಿ ಬುಗ್ಗೆಯ ಜಾಗಕ್ಕೆ ಹೋಗುವ ಕ್ರಮವಿದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಲಾಖರ್ ಸರೋವರಕ್ಕೆ ಒಂದು ಇಡೀ ದಿನ ಮೀಸಲಿಡಿ. ಸುಮಾರು 13,000 ವರ್ಷಗಳ ಹಿಂದೆ ಇಲ್ಲಿ ನಡೆದ ಸ್ಫೋಟ ಎಷ್ಟು ದೊಡ್ಡದಾಗಿತ್ತೆಂದರೆ, ಹೊರಬಿದ್ದ ರಾಶಿ ರೈನ್ ನದಿಗೇ ತಾತ್ಕಾಲಿಕ ಅಣೆಕಟ್ಟಾಯಿತು, ಬೂದಿ ಸ್ವೀಡನ್ನಿನವರೆಗೂ ಉತ್ತರ ಇಟಲಿಯವರೆಗೂ ಹಾರಿ ಬಿತ್ತು. ಒಳಗಿನ ಶಿಲಾಪಾಕ ಬರಿದಾದ ಮೇಲೆ ನೆಲ ಕುಸಿದು, ಆ ಗುಳಿಯಲ್ಲಿ ನೀರು ನಿಂತು ಈಗಿನ ಸರೋವರವಾಯಿತು. ಸುತ್ತು ಸುಮಾರು 8 ಕಿಲೋಮೀಟರ್. ನಿಧಾನಕ್ಕೆ ನಡೆದರೂ ಮೂರು ಗಂಟೆ ಸಾಕು. ಪೂರ್ವದ ದಡಕ್ಕೆ ಬಂದಾಗ ನಿಂತು ನೀರನ್ನು ಗಮನಿಸಿ. ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ, ಎಡೆಬಿಡದೆ ಮೇಲೇಳುತ್ತಿರುತ್ತವೆ. ಮೀನೆಂದು ತಿಳಿದು ಮುಂದೆ ಹೋಗುವವರೇ ಹೆಚ್ಚು. ಅದು ಆಳದಿಂದ ಇಂದಿಗೂ ಹೊರಬರುತ್ತಿರುವ ಅನಿಲ. ಬಯಲಿನಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ಗಾಳಿಗಿಂತ ಭಾರವಾದ ಅನಿಲವಾದ್ದರಿಂದ ಗುಳ್ಳೆಯೇಳುವಲ್ಲಿ ನೆಲಕ್ಕೆ ಮುಖವೊಡ್ಡಿ ಮಲಗುವಂಥ ಸಾಹಸ ಬೇಡ. ಪಶ್ಚಿಮದ ದಡದಲ್ಲಿ 1093ರಲ್ಲಿ ಸ್ಥಾಪನೆಯಾದ ಮರಿಯಾ ಲಾಖ್ ಎಂಬ ಬೆನೆಡಿಕ್ಟೈನ್ ಮಠವಿದೆ. ಆರು ಗೋಪುರಗಳ ಅದರ ಚರ್ಚು ಹೊರಗಿನಿಂದ ನೋಡಿದರೂ ಸಾಕಷ್ಟು ಚೆಂದ.

ಅಲ್ಲಿಂದ ಮೆಂಡಿಗ್ ಹತ್ತಿರ. ಊರಿನ ಹೊರಗಿನ ವಿಂಗರ್ಟ್ಸ್‌ಬರ್ಗ್ ಗೋಡೆಯಲ್ಲಿ ಅದೇ ಸ್ಫೋಟದ ಬೂದಿ ಮತ್ತು ಪ್ಯೂಮಿಸ್ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಹಲವಾರು ಆಳೆತ್ತರದ ಈ ರಾಶಿ ಶತಮಾನಗಳ ಸಂಗ್ರಹವಲ್ಲ, ಕೆಲವೇ ದಿನಗಳಲ್ಲಿ ಬಿದ್ದದ್ದು. ಪ್ಯೂಮಿಸ್ ಎಂದರೆ ಹಿಮ್ಮಡಿ ಉಜ್ಜಲು ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ತೇಲುವ ಆ ಹಗುರ ಕಲ್ಲು. ಊರೊಳಗೆ ಲಾವಾ ನೆಲಮಾಳಿಗೆಗಳಿವೆ: ಬೀಸುವ ಕಲ್ಲಿಗಾಗಿ ಬಸಾಲ್ಟ್ ಎಂಬ ಗಟ್ಟಿ ಲಾವಾ ಕಲ್ಲು ತೆಗೆದ ಗಣಿಗಳು, 19ನೆಯ ಶತಮಾನದಲ್ಲಿ ಬಿಯರ್ ತಂಪಾಗಿಡುವ ಉಗ್ರಾಣಗಳಾದವು, ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಬಂದ ಮೇಲೆ ಬಹುಪಾಲು ಖಾಲಿಯಾದವು. ಸುಮಾರು 30 ಮೀಟರ್ ಆಳಕ್ಕೆ ಮೆಟ್ಟಿಲಿಳಿಯಬೇಕು, ಒಳಗೆ ಬೇಸಗೆಯಲ್ಲೂ ಹತ್ತು ಡಿಗ್ರಿಗಿಂತ ಕಡಿಮೆ ಚಳಿ. ನಿಮ್ಮ ಮೊಣಕಾಲಿಗೆ ಇದೊಂದೇ ಕಷ್ಟದ ಜಾಗ. ನೋವಿರುವ ದಿನ ಬಿಟ್ಟುಬಿಡಿ.

ಇನ್ನೊಂದು ದಿನ ಕಾರಿನಲ್ಲಿ ಪಶ್ಚಿಮದ ಡೌನ್ ಊರಿಗೆ ಹೋಗಿ. ಅಲ್ಲಿನ ಮೂರು ‘ಮಾರ್’ಗಳು ಅಕ್ಕಪಕ್ಕದಲ್ಲೇ ಇವೆ. ಮೇಲೇರುವ ಶಿಲಾಪಾಕಕ್ಕೆ ಅಂತರ್ಜಲ ತಗಲಿದಾಗ ನೀರು ಒಮ್ಮೆಲೇ ಆವಿಯಾಗಿ ನೆಲ ಸಿಡಿಯುತ್ತದೆ. ಹಾಗಾದ ದುಂಡು ಗುಂಡಿಗಳಲ್ಲಿ ನೀರು ತುಂಬಿ ಈ ಕೆರೆಗಳಾಗಿವೆ. ಮೂರರಲ್ಲಿ ನನ್ನ ಆಯ್ಕೆ ನಡುವಿನ ವೈನ್‌ಫೆಲ್ಡ್ ಮಾರ್. ಅದರ ದಂಡೆಯಲ್ಲಿದ್ದ ಹಳ್ಳಿ 16ನೆಯ ಶತಮಾನದ ಪ್ಲೇಗಿನಲ್ಲಿ ಬರಿದಾಯಿತು. ಉಳಿದಿರುವುದು ಬಿಳಿಯ ಪುಟ್ಟ ಚರ್ಚು ಮತ್ತು ಸ್ಮಶಾನ, ಆದ್ದರಿಂದಲೇ ಜನ ಅದನ್ನು ಸಾವಿನ ಕೆರೆ ಎನ್ನುತ್ತಾರೆ.

ಮೇ ಕೊನೆ ಮತ್ತು ಜೂನ್ ಒಳ್ಳೆಯ ಕಾಲ. ಗುಡ್ಡಗಳಲ್ಲಿ ಗಿನ್‌ಸ್ಟರ್ ಪೊದೆ ಹಳದಿ ಹೂ ಬಿಟ್ಟಿರುತ್ತದೆ, ಬೆಳಕು ರಾತ್ರಿ ಒಂಬತ್ತೂವರೆಯವರೆಗೂ ಇರುತ್ತದೆ. ಮಳೆಯಂಗಿ ಯಾವ ತಿಂಗಳಿನಲ್ಲೂ ಬೇಕು. ಊಟದ ವಿಷಯ ಸ್ವಲ್ಪ ತೊಡಕಿನದು. ಎಲ್ಲೆಡೆ ಸಿಗುವ ಆಲೂಗಡ್ಡೆಯ ದೋಸೆಯಂಥ ತಿಂಡಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಸಸ್ಯಾಹಾರಿ ಎಂದು ಬರೆದಿದ್ದರೂ ಮೊಟ್ಟೆ ಇಲ್ಲವೆಂದು ಅರ್ಥವಲ್ಲ. ‘ವೇಗನ್’ ಎಂದು ಕೇಳಿ ತರಿಸಿಕೊಳ್ಳುವುದು ಸುರಕ್ಷಿತ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ, ಅಂದು ಮಗಳ ಮನೆಯ ಬುತ್ತಿಯೇ ಗಟ್ಟಿ. ವೀಸಾಕ್ಕೆ ಕೇರಳದವರು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತೀರಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು.

ಪ್ರಶ್ನೆ: ನಮ್ಮೂರ ಮುರಕಲ್ಲಿನ (ಲ್ಯಾಟರೈಟ್) ತೂತುಗಳು ಲಾವಾ ಕಲ್ಲಿನ ಚಿತ್ರಗಳಲ್ಲಿರುವಂತೆಯೇ ಕಾಣುತ್ತವೆ. ಪೊಸಡಿಗುಂಪೆ ಗುಡ್ಡ ಹಿಂದೆ ಜ್ವಾಲಾಮುಖಿಯಾಗಿತ್ತೆಂದು ಗೆಳೆಯರು ವಾದಿಸುತ್ತಾರೆ. ನಿಜವೇ?
– ಕಾಲೇಜು ವಿದ್ಯಾರ್ಥಿನಿ, ಉಪ್ಪಳ

ಉತ್ತರ: ಅಲ್ಲ. ಲಾವಾ ಕಲ್ಲಿನ ತೂತು ಅನಿಲದ ಗುಳ್ಳೆ ಉಳಿಸಿದ ಜಾಗ. ಸಾಮಾನ್ಯವಾಗಿ ಅದು ದುಂಡಗೋ ಮೊಟ್ಟೆಯಾಕಾರವಾಗಿಯೋ ಇರುತ್ತದೆ. ಮುರಕಲ್ಲಿನ ತೂತು ಹುಳು ಕೊರೆದಂತೆ ವಕ್ರವಾಗಿದ್ದು, ಒಳಗಿನ ಮೆತ್ತನೆಯ ಜೇಡಿ ತೊಳೆದುಹೋದುದರಿಂದ ಆದದ್ದು. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲಿಗೆ ಕೆಳಗಿನ ಹಳೆಯ ಶಿಲೆ ಶಿಥಿಲವಾಗಿ, ಸಿಲಿಕಾ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಾಗ ಮುರಕಲ್ಲು ರೂಪುಗೊಳ್ಳುತ್ತದೆ. ನೆಲದಲ್ಲಿರುವಾಗ ಮೆದುವಾಗಿರುವ ಅದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುತ್ತದೆ. ಕೈಪಿಕ್ಕಾಸಿನಿಂದ ಸುರಂಗ ತೋಡಿ ನೀರು ತರಲು ನಮ್ಮ ಹಿರಿಯರಿಗೆ ಸಾಧ್ಯವಾದದ್ದೂ ಈ ಗುಣದಿಂದಲೇ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಈ ಕಲ್ಲನ್ನು ಲೋಕಕ್ಕೆ ಪರಿಚಯಿಸಿದ್ದು ಮಲಬಾರಿನ ಅಂಗಡಿಪುರದಲ್ಲಿ ಕಂಡ ಮೇಲೆ.

ನಿಜವಾದ ಜ್ವಾಲಾಮುಖಿ ಶಿಲೆ ನೋಡಬೇಕಿದ್ದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ ಬಿರುಕು ಬಿಟ್ಟು, ಐದು, ಆರು, ಏಳು ಮುಖಗಳ ಕಂಬಗಳಾಗಿ ನಿಂತಿದೆ. ಒಂದು ಕಂಬದ ತಲೆಯ ಮೇಲೆ ಕೈಯಿಟ್ಟು ಅದರ ಮೂಲೆಗಳನ್ನು ಎಣಿಸಿ ನೋಡಿ, ಪಕ್ಕದ ಕಂಬದ ಲೆಕ್ಕ ಬೇರೆ ಬರುವುದುಂಟು. ಕಾಸರಗೋಡಿನಿಂದ ಉಡುಪಿಗೆ ರೈಲಿನಲ್ಲಿ, ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಒಂದೇ ದಿನದಲ್ಲಿ ಮರಳಬಹುದು. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ. ಡಿಸೆಂಬರ್ ರಜೆಗೆ ಯೋಚಿಸಿ, ಶನಿವಾರ ಮತ್ತು ಭಾನುವಾರಗಳ ಗದ್ದಲ ತಪ್ಪಿಸಿ.