ಕೊಪ್ಪಳದ ಯಲಬುರ್ಗಾ ಕಡೆ ನಮ್ಮದು 18 ಎಕರೆ ಇದೆ. ಪಕ್ಕದಲ್ಲೇ, ಎರಡು ಕಿಲೋಮೀಟರ್‌ನಲ್ಲಿ ಸಬ್‌ಸ್ಟೇಷನ್ ಇದೆ. ಮಧ್ಯವರ್ತಿಯೊಬ್ಬರು ಬಂದು ಮಾತಾಡಿದ್ದಾರೆ. ಸ್ನೇಹಿತರು ಸೇರಿ ಕರೆಂಟ್ ತುಂಬಿಟ್ಟು ಬೇಕಾದಾಗ ಗ್ರಿಡ್‌ಗೆ ಕೊಡುವ 100 ಮೆಗಾವ್ಯಾಟ್ ಬ್ಯಾಟರಿ ಪ್ರಾಜೆಕ್ಟ್ ಶುರು ಮಾಡಬಹುದಾ? ಜಾಗ ಸಾಕಾ?

ಜಾಗ ಸಾಕಾ ಅಂತ ಕೇಳಿದ್ದೀರಿ. ಸಾಕು, ಜಾಸ್ತಿಯೇ ಆಯಿತು. 100 ಮೆಗಾವ್ಯಾಟ್ ಸೋಲಾರ್‌ಗೆ 400–500 ಎಕರೆ ಬೇಕು. ಬ್ಯಾಟರಿಗೆ ಹಾಗಿಲ್ಲ. ಎರಡು ಗಂಟೆ ಕರೆಂಟ್ ಕೊಡಬೇಕು ಅಂದರೆ 200 ಮೆಗಾವ್ಯಾಟ್ ಅವರ್, ಅಂದರೆ 2 ಲಕ್ಷ ಯೂನಿಟ್. ಈಗಿನ 20 ಅಡಿ ಕಂಟೇನರ್ ಒಂದರಲ್ಲೇ ಸುಮಾರು 5 ಮೆಗಾವ್ಯಾಟ್ ಅವರ್ ಹಿಡಿಯುತ್ತದೆ. ಅಂಥ 40 ಕಂಟೇನರ್, ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಬೆಂಕಿ ಹರಡದಂತೆ ನಡುವೆ ಬಿಡುವ ಜಾಗ, ಎಲ್ಲ ನಿಮ್ಮ ಹೊಲದಲ್ಲಿ ಹಿಡಿಯುತ್ತದೆ. ಇಷ್ಟು ಕಡಿಮೆ ಜಾಗ ಸಾಕಾಗುವುದರಿಂದಲೇ ಚೌಕಾಸಿಯಲ್ಲಿ ಜಮೀನಿನವರ ಕೈ ಮೇಲಾಗುವುದಿಲ್ಲ, ಕಂಪನಿಯವರು ಬೇರೆ ಹೊಲ ನೋಡಿಕೊಳ್ಳುತ್ತಾರೆ. ಮಧ್ಯವರ್ತಿ ಇದನ್ನು ನಿಮಗೆ ಹೇಳಿರಲಿಕ್ಕಿಲ್ಲ.

ಆಟ ಇರುವುದು ಗ್ರಿಡ್ ಸಂಪರ್ಕದಲ್ಲಿ. ನಾನು ಕೊಪ್ಪಳ ಭಾಗದಲ್ಲಿ ಗಾಳಿ ಫ್ಯಾನ್ ಕಂಪನಿಗಳ ಜಮೀನು, ಲೈನ್ ಕೆಲಸ ನೋಡಿಕೊಳ್ಳುವವನು. ಹೊಲದ ಪಕ್ಕದಲ್ಲೇ ಸಬ್‌ಸ್ಟೇಷನ್ ಇದೆ ಅಂತ ಬರೆದಿದ್ದೀರಿ. ಅದು ಎಷ್ಟು ಕೆವಿಯದು (ಕಿಲೋವೋಲ್ಟ್)? 33 ಆದರೆ 100 ಮೆಗಾವ್ಯಾಟ್ ಮಾತೇ ಬೇಡ. 220 ಆದರೂ ಖಾಲಿ ಬೇ, ಅಂದರೆ ಹೊಸ ಲೈನ್ ಜೋಡಿಸುವ ಜಾಗ ಇದೆಯಾ, ಅಲ್ಲಿನ ಟ್ರಾನ್ಸ್‌ಫಾರ್ಮರ್ ಇನ್ನೂ ಹೊರುತ್ತದಾ, ಅದನ್ನು ಮೊದಲು ತಿಳಿದುಕೊಳ್ಳಬೇಕು. ಸಂಪರ್ಕ ಕೇಳಬೇಕಾದದ್ದು ರಾಜ್ಯದ ಗ್ರಿಡ್‌ಗೆ ರಾಜ್ಯದ ಪ್ರಸರಣ ನಿಗಮ ಕೆಪಿಟಿಸಿಎಲ್ ಅನ್ನು, ಅಂತರರಾಜ್ಯ ಗ್ರಿಡ್‌ಗೆ ಕೇಂದ್ರದ ಪ್ರಸರಣ ಸಂಸ್ಥೆ ಸಿಟಿಯುವನ್ನು. ಎರಡೂ ಕಡೆ ಗಾಳಿ, ಸೋಲಾರ್‌ನವರು ಸಾಲುಗಟ್ಟಿದ್ದಾರೆ. ಹೊಲದಿಂದ ಸಬ್‌ಸ್ಟೇಷನ್‌ಗೆ ಲೈನ್ ಎಳೆಯಲು ನಡುವಿನ ರೈತರೂ ಒಪ್ಪಬೇಕು. ಎರಡೇ ಕಿಲೋಮೀಟರ್ ಅಲ್ವಾ ಅನ್ನಬೇಡಿ. ಟವರ್ ತಮ್ಮ ಹೊಲದಲ್ಲಿ ಬೀಳುತ್ತದೆ ಅಂದಾಗ ಸಂಬಂಧಿಕರೂ ತಿರುಗಿ ಬೀಳುತ್ತಾರೆ.

ಆಮೇಲೆ, ದುಡ್ಡು ಕೊಡುವವರು ಯಾರು? ಬ್ಯಾಟರಿ ಕರೆಂಟ್ ಹುಟ್ಟಿಸುವುದಿಲ್ಲ. ಮಧ್ಯಾಹ್ನದ ಸೋಲಾರ್ ತುಂಬಿಕೊಂಡು ಸಂಜೆ ವಾಪಸ್ ಕೊಡುತ್ತದೆ, 100 ಯೂನಿಟ್ ತುಂಬಿದರೆ 85ರಷ್ಟು ಬರುತ್ತದೆ. ಅದಕ್ಕೇ ಟೆಂಡರ್‌ನಲ್ಲಿ ಮೆಗಾವ್ಯಾಟ್‌ಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕೂಗುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರದ ಸೋಲಾರ್ ಕಂಪನಿ ಸೆಕಿಯ ಟೆಂಡರ್‌ನಲ್ಲಿ ಅದು ಸುಮಾರು 10.8 ಲಕ್ಷ ಇತ್ತು. 2025ರ ಹೊತ್ತಿಗೆ 2 ಲಕ್ಷದ ಆಸುಪಾಸಿಗೆ ಇಳಿಯಿತು! ಬ್ಯಾಟರಿಯೊಳಗಿನ ಸೆಲ್ ಅಗ್ಗವಾಗಿದೆ, ನಿಜ. ಆದರೂ ಈ ದರದಲ್ಲಿ ಬದುಕುವುದು ಕಡಿಮೆ ಬಡ್ಡಿಗೆ ಸಾಲ ಹುಟ್ಟುವ ದೊಡ್ಡವರು ಮಾತ್ರ. ವರ್ಷದಲ್ಲಿ 95% ಹೊತ್ತು ಬ್ಯಾಟರಿ ಸಿದ್ಧವಿರಬೇಕು, ತಪ್ಪಿದರೆ ದಂಡ. ನಮ್ಮ ಬೇಸಿಗೆ ಗೊತ್ತಲ್ಲ, ಹೊರಗೆ 42 ಡಿಗ್ರಿ ಇದ್ದಾಗ ಸೆಲ್‌ಗಳನ್ನು 25ರ ಹತ್ತಿರ ಇಡಲು ಕೂಲಿಂಗ್ ಓಡುತ್ತಲೇ ಇರಬೇಕು. ಅದರ ಕರೆಂಟ್ ಖರ್ಚೂ ನಿಮ್ಮ ತಲೆಗೇ ಬರುತ್ತದೆ.

ನಿಮ್ಮದು ಎರೆ (ಕಪ್ಪು ಮಣ್ಣು) ಹೊಲನಾ, ಮಸಾರಿನಾ (ಕೆಂಪು ಮಣ್ಣು)? ಎರೆ ಆದರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಒಂದೊಂದು ಕಂಟೇನರ್ 40 ಟನ್ ಮೇಲೆಯೇ ತೂಗುವುದರಿಂದ ಪಾಯದ ಖರ್ಚು ಏರುತ್ತದೆ.

ನನ್ನನ್ನು ಕೇಳಿದರೆ ಕಂಪನಿ ಕಟ್ಟಬೇಡಿ, ಹೊಲ ಮಾರಲೂ ಬೇಡಿ. ಸಂಪರ್ಕ ಮಂಜೂರಾದ ಕಂಪನಿ ಬಂದರೆ ಲೀಸ್‌ಗೆ ಕೊಡಿ. ‘ಕೆಲಸ ಶುರುವಾದ ಮೇಲೆ ಬಾಡಿಗೆ’ ಅಂತ ಬರೆದು ವರ್ಷಗಟ್ಟಲೆ ಹೊಲ ಕಟ್ಟಿಹಾಕುವ ಕರಾರು ಈ ಕಡೆ ತುಂಬಾ ಓಡಾಡುತ್ತಿವೆ. ಸಹಿ ಹಾಕುವ ದಿನವೇ ಒಂದು ಮೊತ್ತ ಕೈಗೆ ಬರಬೇಕು. ಕೆಲಸ ಶುರುವಾಗುವವರೆಗೆ ಬಿತ್ತುವ ಹಕ್ಕು ನಿಮ್ಮದೇ ಇರಬೇಕು. ಇಂಥ ತಾರೀಖಿನೊಳಗೆ ಶುರುವಾಗದಿದ್ದರೆ ಕರಾರು ರದ್ದು, ಕೊನೆಗೆ ಹಳೇ ಬ್ಯಾಟರಿ ಸಾಗಿಸುವ ಖರ್ಚು ಕಂಪನಿಯದು ಅಂತಲೂ ಬರೆಸಿ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಪೋಡಿ ಕೆಲಸ, ಅಂದರೆ ಅಳತೆ ಮಾಡಿಸಿ ಪಾಲು ಬೇರೆ ಮಾಡಿಸುವುದನ್ನು ಈಗಲೇ ಹಚ್ಚಿ. ಅದಕ್ಕೆ ಹಿಡಿಯುವಷ್ಟು ಹೊತ್ತು ಕಂಪನಿಯವರು ಕಾಯುವುದಿಲ್ಲ.