ಕಲಬುರಗಿಯಲ್ಲಿ ಎರಡು ಅಡಿ ಟ್ಯಾಂಕಿಗೆ ಉಪ್ಪುನೀರು ಹಾಕಿ ಈಲ್ ಸಾಕಬಹುದಾ?

ಎರಡು ಅಡಿ ಟ್ಯಾಂಕ್ ಇದೆ, ಇಷ್ಟು ದಿನ ಗೋಲ್ಡ್ ಫಿಶ್ ಸಾಕಿದ್ದೀರಿ. ಈಗ ಸಮುದ್ರದ ಹಾವಿನಂಥ ಮೀನು ಬೇಕು, ನಮ್ಮ ಊರಿನ ಬಿಸಿಲಿಗೆ ಅದು ಬದುಕುತ್ತಾ, ಯಾವ ಜಾತಿ ತರಲಿ ಅಂತ ಕೇಳಿದ್ದೀರಿ. ನಾನೂ ಕಲಬುರಗಿಯವನೇ. ಮೂರು ಅಡಿ ಟ್ಯಾಂಕಿನಲ್ಲಿ ಒಂದು ಸ್ನೋಫ್ಲೇಕ್ ಈಲ್ ಸಾಕಿದ್ದೇನೆ, ಮೊರೆ ಅನ್ನುವ ಈಲ್ ಗುಂಪಿನದು. ಬದುಕುತ್ತದೆ, ಚೆನ್ನಾಗಿಯೇ ಬದುಕುತ್ತದೆ. ಆದರೆ ಎರಡು ಅಡಿಯಲ್ಲಿ ಬೇಡ.

ಅಂಗಡಿಯಲ್ಲಿ ತೋರಿಸುವ ಮರಿ ಬೆರಳಿನಷ್ಟು ದಪ್ಪ ಇರುತ್ತದೆ. ಅದೇ ಸ್ನೋಫ್ಲೇಕ್ ಬೆಳೆದು 60 ಸೆಂಟಿಮೀಟರ್ ದಾಟುತ್ತದೆ. ಉದ್ದ ಒಂದೇ ಆಗಿದ್ದರೆ ಹೇಗೋ ಸುತ್ತಿಕೊಂಡು ಕೂರುತ್ತಿತ್ತು. ನಿಜವಾದ ತೊಂದರೆ ಅದರ ಊಟ. ಹಸಿ ಸಿಗಡಿ, ಏಡಿ ತಿನ್ನುವ ಮೀನು ಅದು, ಗಲೀಜೂ ಜಾಸ್ತಿ. ಎರಡು ಅಡಿ ಟ್ಯಾಂಕಿನಲ್ಲಿ ಹಿಡಿಯುವುದೇ 70 ಲೀಟರ್ ನೀರು. ಒಂದು ತುಂಡು ಕಲ್ಲಿನ ಸಂದಿಯಲ್ಲಿ ಉಳಿದು ಕೊಳೆತರೂ ಮೀನಿಗೆ ವಿಷವಾದ ಅಮೋನಿಯಾ ಏರಿಬಿಡುತ್ತದೆ. 36 ಇಂಚು ಉದ್ದ, 18 ಅಗಲ, 18 ಎತ್ತರದ ಟ್ಯಾಂಕಿನಲ್ಲಿ ಸುಮಾರು 190 ಲೀಟರ್ ಹಿಡಿಯುತ್ತದೆ. ಒಂದೇ ಒಂದು ಸ್ನೋಫ್ಲೇಕ್‌ಗೆ ನಾನು ಹೇಳುವ ಕನಿಷ್ಠ ಅಳತೆ ಅದು. ನೀರು, ಗಾಜು, ಕಲ್ಲು ಸೇರಿ ಕಾಲು ಟನ್ ಹತ್ತಿರ ಬರುತ್ತದೆ. ಹಾಗಾಗಿ ಸ್ಟ್ಯಾಂಡ್ ಗಟ್ಟಿಯಾಗಿರಲಿ. ಮೇಲೆ ಶಹಾಬಾದ್ ಕಲ್ಲಿನ ಹಾಸು ಹಾಕಿಸಿದರೂ ಗಾಜಿನ ಕೆಳಗೆ ಒಂದು ಥರ್ಮೋಕೋಲ್ ಶೀಟ್ ಇರಲೇಬೇಕು.

ಬೇರೆ ಜಾತಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ರಿಬ್ಬನ್ ಈಲ್ ನೋಡಿದರೆ ಮನಸ್ಸು ಸೋಲುತ್ತದೆ. ಮರಿ ಕಪ್ಪು, ಗಂಡು ನೀಲಿ, ಆಮೇಲೆ ಹೆಣ್ಣಾಗಿ ಬದಲಾದಾಗ ಹಳದಿ. ದಯವಿಟ್ಟು ತರಬೇಡಿ. ಟ್ಯಾಂಕಿಗೆ ಬಂದ ಮೇಲೆ ಊಟ ಬಿಟ್ಟು ಸೊರಗಿ ಸಾಯುವುದೇ ಹೆಚ್ಚು. ಎಂಜಿನಿಯರ್ ಗೋಬಿ ಈಲ್ ಅಲ್ಲ, ನೋಡಲಿಕ್ಕಷ್ಟೇ ಹಾಗಿರುತ್ತದೆ. 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಮರಳನ್ನು ಸದಾ ತೋಡುತ್ತಲೇ ಇರುತ್ತದೆ. ಅದರ ಮರಿಯ ಹಾಗೆಯೇ ಕಾಣುವ ಪಟ್ಟೆ ಈಲ್ ಕ್ಯಾಟ್‌ಫಿಶ್ ಒಂದಿದೆ. ಅದರ ಮುಳ್ಳಿನಲ್ಲಿ ವಿಷ ಇದೆ. ಬಾಯಿ ಸುತ್ತ ಮೀಸೆ ಇದ್ದರೆ ಅದು ಕ್ಯಾಟ್‌ಫಿಶ್, ಕೈ ಹಾಕಬೇಡಿ. ಫ್ರೆಶ್‌ವಾಟರ್ ಮೊರೆ ಅಂತ ಮಾರುವುದು ನದಿ ಸಮುದ್ರ ಸೇರುವ ಕಡೆಯ ಮೀನು. ಬರೀ ಸಿಹಿನೀರಲ್ಲಿ ಅದು ಹೆಚ್ಚು ಕಾಲ ಬಾಳುವುದಿಲ್ಲ. ಡ್ವಾರ್ಫ್ ಗೋಲ್ಡನ್ ಮೊರೆ ಮಾತ್ರ 25 ಸೆಂಟಿಮೀಟರಿನ ಆಸುಪಾಸಿಗೆ ನಿಲ್ಲುತ್ತದೆ, ಆದರೆ ಸಿಗುವುದು ಅಪರೂಪ, ಬೆಲೆಯೂ ಬಲು ಜೋರು. ಎರಡು ಅಡಿ ಟ್ಯಾಂಕನ್ನೇ ಇಟ್ಟುಕೊಳ್ಳುವುದಾದರೆ ಉಪ್ಪಿನ ಸಹವಾಸ ಬಿಟ್ಟು, ಸಿಹಿನೀರಿನ ಸ್ಪೈನಿ ಈಲ್‌ನಲ್ಲಿ ಚಿಕ್ಕ ಜಾತಿ ನೋಡಿ, ಕೆಳಗೆ ನಯವಾದ ಮರಳು ಹಾಕಿ. ನಮ್ಮ ಹೊಳೆಗಳಲ್ಲಿ ಹಾವುಮೀನು ಅನ್ನುತ್ತೇವಲ್ಲ, ಅದೇ ಕುಲ.

ಈಗ ಬಿಸಿಲಿನ ಮಾತು. ಮೊರೆಗೆ 24ರಿಂದ 27 ಡಿಗ್ರಿ ನೀರು ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಟ್ಯಾಂಕಿನ ಮೇಲೆ ಚಿಕ್ಕ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮದು ಒಣ ಹವೆ, ಮನೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುವುದೂ ಅದಕ್ಕೇ. ಆದರೆ ಕೋಣೆಯೇ 36 ಇದ್ದರೆ ಫ್ಯಾನ್ ಸಾಲದು. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಬೇಕು, ಇಲ್ಲವೇ ಎಸಿ ಇರುವ ಕೋಣೆ ಬೇಕು. ಈ ಖರ್ಚಿಗೆ ತಯಾರಿಲ್ಲ ಅಂದರೆ ಈಲ್ ತರಬೇಡಿ, ನೇರವಾಗಿ ಹೇಳುತ್ತಿದ್ದೇನೆ. ಕರೆಂಟ್ ಹೋದಾಗ ನೀರು ಓಡಾಡಬೇಕಲ್ಲ, ಪಂಪನ್ನು ಇನ್ವರ್ಟರ್ ಲೈನಿಗೆ ಕೊಡಿ. ಬ್ಯಾಟರಿ ಏರ್ ಪಂಪ್ ಒಂದು ಬೇರೆ ಇರಲಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಕಡಿಮೆಯಾದಷ್ಟು ಉಪ್ಪಿಲ್ಲದ ಆರ್‌ಓ ನೀರು ಹಾಕಬೇಕು.

ಬೋರ್‌ವೆಲ್ ನೀರು ಬೇಡ, ತುಂಬಾ ಗಡುಸು. ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆ ಹತ್ತಿರ ಇರುವ ಆರ್‌ಓ ನೀರಿಗೆ ಮೆರೈನ್ ಸಾಲ್ಟ್, ಅಂದರೆ ಟ್ಯಾಂಕಿಗೆ ಅಂತಲೇ ಸಿಗುವ ಸಮುದ್ರದ ಉಪ್ಪಿನ ಮಿಶ್ರಣ, ಕಲಸಿ. 100 ಲೀಟರಿಗೆ ಮೂರೂವರೆ ಕಿಲೋ ಮೇಲೆಯೇ ಹಿಡಿಯುತ್ತದೆ. ಅಡುಗೆ ಉಪ್ಪಿನಲ್ಲಿ ಸಮುದ್ರದ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವುದಿಲ್ಲ. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ಬರಲಿ. ಮೀನು ತರುವ ಮೊದಲು ನಾಲ್ಕರಿಂದ ಆರು ವಾರ ಟ್ಯಾಂಕನ್ನು ಸುಮ್ನೆ ಓಡಿಸಿ, ಗಲೀಜು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಅಮೋನಿಯಾ ಹಾಕುತ್ತಾ ಟೆಸ್ಟ್ ಕಿಟ್‌ನಲ್ಲಿ ನೋಡುತ್ತಿರಿ. ಹಾಕಿದ ಅಮೋನಿಯಾವೂ ಅದರಿಂದ ಹುಟ್ಟುವ ನೈಟ್ರೈಟೂ ಒಂದು ದಿನದಲ್ಲಿ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರಾದಂತೆ. ಕಲ್ಲುಗಳನ್ನು ಮರಳಿನ ಮೇಲೆ ಇಡಬೇಡಿ, ತಳದ ಗಾಜಿನ ಮೇಲೇ ಕೂರಿಸಿ ಆಮೇಲೆ ಮರಳು ಸುರಿಯಿರಿ. ಜೀವಂತ ಹವಳ ಕೊಡುತ್ತೇವೆ ಅಂದರೆ ಬೇಡ ಅನ್ನಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ.

ಮುಚ್ಚಳ! ಈಲ್‌ಗಳು ಸಾಯುವುದು ಹೆಚ್ಚಾಗಿ ನೆಲದ ಮೇಲೆ. ತಲೆ ತೂರುವಷ್ಟು ಸಂದಿ ಸಿಕ್ಕರೆ ಪೂರ್ತಿ ಮೈ ಹೊರಗೆ ಬರುತ್ತದೆ. ಫ್ಯಾನ್ ಗಾಳಿಯೂ ಆಡಬೇಕಲ್ವಾ, ಅದಕ್ಕೆ ಗಟ್ಟಿ ಜಾಲರಿಯ ಮುಚ್ಚಳ ಮಾಡಿಸಿ ನಾಲ್ಕೂ ಕಡೆ ಕ್ಲಿಪ್ ಹಾಕಿ. ಪೈಪ್ ಹೋಗುವ ಮೂಲೆಯನ್ನೂ ಮುಚ್ಚಿ.

ಊಟ ವಾರಕ್ಕೆ ಎರಡು ಮೂರು ಸಲ ಸಾಕು. ಫ್ರೋಜನ್ ಸಿಗಡಿ ತಂದು, ಮಸಾಲೆ ಇಲ್ಲದ್ದೇ ಆಗಿರಲಿ, ಕರಗಿಸಿ ಚಿಕ್ಕ ತುಂಡು ಮಾಡಿ. ಉದ್ದ ಇಕ್ಕಳದಲ್ಲಿ ಹಿಡಿದು, ಅದು ಅಡಗಿ ಕೂರಲಿಕ್ಕೆ ಟ್ಯಾಂಕಿನೊಳಗೆ ಇಟ್ಟ ಪಿವಿಸಿ ಪೈಪಿನ ಬಾಯಿ ಹತ್ತಿರ ತನ್ನಿ. ಮೊದಲು ಹೊರಗೆ ಬರುವುದು ಹಳದಿ ಮೂಗಿನ ನಳಿಕೆಗಳು. ಕಣ್ಣು ಮಂದ, ಮೂಗು ಚುರುಕು. ತುಂಡು ಎದುರಿಗೇ ಇದ್ದರೂ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತದೆ, ಒಂದೆರಡು ಸಲ ಇಕ್ಕಳವನ್ನೇ ಕಚ್ಚುತ್ತದೆ, ಆಮೇಲೆ ಗಬಕ್ಕನೆ ಹಿಡಿಯುತ್ತದೆ. ಮೊರೆಗಳ ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇದೆ. ಅದು ಮುಂದಕ್ಕೆ ಬಂದು ಆಹಾರವನ್ನು ಒಳಗೆ ಎಳೆಯುತ್ತದೆ ಅಂತ 2007ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಕೈಯಲ್ಲಿ ತಿನ್ನಿಸಲೇಬೇಡಿ, ಬೆರಳು ಯಾವುದು ಸಿಗಡಿ ಯಾವುದು ಅದಕ್ಕೆ ತಿಳಿಯುವುದಿಲ್ಲ. ಉಳಿದ ಹೊತ್ತು ಬಾಯಿ ತೆರೆದು ಮುಚ್ಚುತ್ತಿದ್ದರೆ ಗಾಬರಿ ಆಗಬೇಡಿ, ಅದು ಉಸಿರಾಟ. ಜೊತೆಗೆ ಅಲಂಕಾರಕ್ಕೆ ಅಂತ ಸಿಗಡಿ, ಏಡಿ ಬಿಟ್ಟರೆ ಅವೂ ಊಟವಾಗುತ್ತವೆ. ಮೈ ಮೇಲೆ ಹುರುಪೆ ಇಲ್ಲದ ಮೀನು, ತಾಮ್ರ ಇರುವ ಔಷಧಿ ಹಾಕಬೇಡಿ.

ಕೊಳ್ಳುವಾಗ ನಿಮ್ಮ ಎದುರಿಗೇ ತಿನ್ನಿಸಿ ತೋರಿಸಿ ಅನ್ನಿ. ಅಂಗಡಿ ಹೈದರಾಬಾದಿನಲ್ಲಿದ್ದರೆ ಒಂದು ವಿಡಿಯೋ ಕಳಿಸಲಿ. ತಿನ್ನದ ಈಲ್ ಎಷ್ಟೇ ಅಗ್ಗ ಸಿಕ್ಕರೂ ಬೇಡ. ಬೇಸಿಗೆಯಲ್ಲಿ ತರಿಸಲೂ ಬೇಡಿ, ದೀಪಾವಳಿ ಕಳೆದ ಮೇಲೆ ಥರ್ಮೋಕೋಲ್ ಡಬ್ಬಿಯಲ್ಲಿ ರಾತ್ರಿ ಪ್ರಯಾಣ ಮಾಡಿಸಿ. ಬಂದ ಮೇಲೆ ನಿಮ್ಮ ಟ್ಯಾಂಕಿನ ನೀರನ್ನು ತೆಳುವಾದ ಪೈಪಿನಲ್ಲಿ ಹನಿ ಹನಿಯಾಗಿ ಸೇರಿಸಿ ಹೊಂದಿಸಿ, ಮೀನನ್ನು ಮಾತ್ರ ಬಿಡಿ, ಚೀಲದ ನೀರು ಚೆಲ್ಲಿಬಿಡಿ. ಮೊದಲ ಕೆಲವು ದಿನ ಅದು ಪೈಪ್ ಬಿಟ್ಟು ಹೊರಗೆ ಬರುವುದಿಲ್ಲ. ಲೈಟ್ ಆರಿಸಿಟ್ಟು, ಸಂಜೆ ಹೊತ್ತು ಒಂದು ತುಂಡು ತೋರಿಸಿ ನೋಡಿ.